ಸುಣ್ಣ ಬೆರೆಸುವ ಮುಂಚಿನ ನೀರು

ನಾನು ಡಾಕ್ಟರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೂವತ್ತನಾಲ್ಕು ವರ್ಷ ಇದನ್ನು ಹೇಳದೆಯೇ ಕಳೆದೆ. ಎಸ್ಸೆಸ್ಸೆಲ್ಸಿ ಪಾಸಾಗಿ, ತರಬೇತಿ ಮುಗಿಸಿ, ಪಶು ಆಸ್ಪತ್ರೆಗೆ ಜಾನುವಾರು ಪರಿವೀಕ್ಷಕನಾಗಿ ಸೇರಿದವನು ನಾನು. ಕಾಗದದಲ್ಲಿ ಪರಿವೀಕ್ಷಕ, ಆಫೀಸಿನಲ್ಲಿ ಸ್ಟಾಕ್‌ಮ್ಯಾನ್. ಆದರೆ ಗೋಣಿಬೀಡಿನಿಂದ ಬಾಳೂರಿನವರೆಗೆ, ಅಲ್ಲಿಂದ ಕಳಸದ ದಾರಿಯ ಒಳಗಿನ ಒಂಟಿ ಮನೆಗಳವರೆಗೆ ಎಲ್ಲರಿಗೂ ನಾನು "ಡಾಕ್ಟ್ರು". ಮೊದಲ ವರ್ಷ ತಿದ್ದಿದೆ. ಎರಡನೆಯ ವರ್ಷ ಸುಮ್ಮನೆ ನಕ್ಕೆ. ಮೂರನೆಯ ವರ್ಷದ ಹೊತ್ತಿಗೆ, ಯಾರಾದರೂ ಹಾಗೆ ಕರೆಯದಿದ್ದರೆ ಅವರ ಮನೆಯ ಕಾಫಿ ನನಗೆ ಸಪ್ಪೆ ಎನ್ನಿಸುತ್ತಿತ್ತು.

ಈಗ ಹೊಸದಾಗಿ ಈ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಪುಸ್ತಕಗಳು ನಮ್ಮವಕ್ಕಿಂತ ಚೆನ್ನಾಗಿವೆ. ನಾವು ಗಾಜಿನ ಸಿರಿಂಜನ್ನು ಯಾರದೋ ಅಡಿಗೆಮನೆಯ ಪಾತ್ರೆಯಲ್ಲಿ ಕುದಿಸಿ, ಸೂಜಿಯನ್ನು ಕಲ್ಲಿಗೆ ಮಸೆದು ಚುಚ್ಚಿದವರು. ನಿಮ್ಮ ಫೋನಿಗೆ ಬೆಳಗ್ಗೆ ಏಳುವ ಮೊದಲೇ ಸಗಣಿಯ ಫೋಟೊ ಬಂದು ಬಿದ್ದಿರುತ್ತದೆ. ಆದರೆ ಒಂದು ವಿಷಯದಲ್ಲಿ ನೀವೂ ನಾವೂ ಒಂದೇ. ನಾವು ಹೇಳಿದ್ದನ್ನು ಜನ ನಂಬುತ್ತಾರೆ. ನನ್ನ ಕಥೆಯೆಲ್ಲ ಇರುವುದು ಅಲ್ಲಿಯೇ.

ಬಾಳೂರಿನಿಂದ ಮೇಲೆ, ಜೀಪು ಫಸ್ಟ್ ಗೇರಿನಲ್ಲಿ ಅಳುತ್ತಾ ಹತ್ತುವ ಏರಿನ ಕೊನೆಗೆ ಮಂಜೇಗೌಡರ ಮನೆ. ಮೂರು ಎಕರೆ ಕಾಫಿ, ಎರಡು ಗಿಡ್ಡ ತಳಿಯ ಹಸು, ಹತ್ತಿಪ್ಪತ್ತು ಕೋಳಿ, ಒಂದು ನಾಯಿ, ಮತ್ತೆ ಆಡುಗಳು. ಮಂಜೇಗೌಡರು ತೋಟ ನೋಡಿಕೊಳ್ಳುತ್ತಿದ್ದರು. ಹೆಂಡತಿ ರತ್ನಮ್ಮ ಹಸು ಕರೆದು, ಕೋಳಿ ಸಾಕಿ, ಮನೆ ನಡೆಸುತ್ತಿದ್ದರು. ಆಡು ಮಾತ್ರ ಮಂಜೇಗೌಡರ ತಾಯಿ ದೇವೀರಮ್ಮನವರದು. ಅದರಲ್ಲಿ ಇನ್ಯಾರೂ ಬಾಯಿ ಹಾಕುವಂತಿರಲಿಲ್ಲ.

ಕಬ್ಬಿಣದ ಅದಿರಿನ ಗಣಿ ನಿಂತು ಕುದುರೆಮುಖದ ಕಂಪನಿ ಕಾಲೊನಿ ಖಾಲಿಯಾಗುತ್ತಿದ್ದಾಗ, ಅಲ್ಲಿಂದ ಊರಿಗೆ ಹೊರಟ ಒಬ್ಬರು ಕೊಂಡೊಯ್ಯಲಾಗದೆ ಬಿಟ್ಟುಕೊಟ್ಟ ಎರಡು ಹೆಣ್ಣಾಡುಗಳನ್ನು ದೇವೀರಮ್ಮ ಜೀಪಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರಂತೆ. ಅದರಲ್ಲೊಂದು ಕಪ್ಪು ಮೈ, ಬಿಳಿ ಕಿವಿಯದು. ಅದರ ಹೆಸರು "ಕಂಪನಿ". ಎಲ್ಲಿಂದ ಬಂತೆಂದು ಕೇಳಿದವರಿಗೆಲ್ಲ "ಕಂಪನಿಯದ್ದು" ಎಂದು ಹೇಳಿ ಹೇಳಿ ಅದೇ ಹೆಸರಾಯಿತು. ಕಂಪನಿಯ ಮಕ್ಕಳು ಮೊಮ್ಮಕ್ಕಳಿಂದಲೇ ಆ ಕೊಟ್ಟಿಗೆ ತುಂಬಿತ್ತು.

ನಾನು ಅಲ್ಲಿಗೆ ಮೊದಲ ಸಲ ಹೋದಾಗ, ಎಷ್ಟೋ ವರ್ಷ ಸರ್ವಿಸಾಗಿದ್ದರೂ, ತರಬೇತಿಯ ಪುಸ್ತಕವೇ ತಲೆಯಲ್ಲಿತ್ತು. ಆಡಿನ ಕೊಟ್ಟಿಗೆ ನೋಡಿ, "ಅಮ್ಮಾ, ಮೇವು ಹಾಕೋಕೆ ಒಂದು ಮರದ ದೋಣಿ ಮಾಡಿಸಿ. ಸೊಪ್ಪು ಹೀಗೆ ಸೂರಿಂದ ನೇತು ಹಾಕೋದು ಸರಿಯಲ್ಲ" ಎಂದೆ. ದೇವೀರಮ್ಮ ದೋಣಿ ಮಾಡಿಸಿದರು. ಹದಿನೈದು ದಿನ ಬಿಟ್ಟು ಹೋದಾಗ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಕಂಪನಿ ದೋಣಿಯೊಳಗೆ ಹತ್ತಿ ನಿಂತು ಸೊಪ್ಪಿನ ಮೇಲೇ ಉಚ್ಚೆ ಹೊಯ್ಯುತ್ತಿತ್ತು. ಉಳಿದವು ಆ ಸೊಪ್ಪಿನ ಕಡೆ ತಿರುಗಿಯೂ ನೋಡದೆ ಗೋಡೆ ನೋಡುತ್ತಾ ನಿಂತಿದ್ದವು.

"ದೋಣಿ ಬಾಳ ಚಂದ ಆಯ್ತು ಮಾರಾಯ್ರೇ. ಮಲಗೋಕೆ ಆಯ್ತು, ಉಚ್ಚೆ ಹೊಯ್ಯೋಕೆ ಆಯ್ತು. ತಿನ್ನೋದೊಂದು ಎಲ್ಲಿಂದ ಅಂತ ನೀವೇ ಅವಕ್ಕೆ ಹೇಳಿ."

ಆಡು ನೆಲ ನೋಡಿ ತಿನ್ನುವ ಪ್ರಾಣಿಯಲ್ಲ, ಕತ್ತೆತ್ತಿ ತಿನ್ನುವ ಪ್ರಾಣಿ. ಸೊಪ್ಪಿನ ಕಟ್ಟನ್ನು ತಲೆಕೆಳಗಾಗಿ, ಆಡು ಮುಂಗಾಲೆತ್ತಿದರೆ ಮಾತ್ರ ಎಟಕುವಷ್ಟು ಎತ್ತರದಲ್ಲಿ ಕಟ್ಟಬೇಕು. ಆಗ ಚಿಗುರು ಮೊದಲು ಬಾಯಿಗೆ ಸಿಗುತ್ತದೆ, ಒಂದು ಎಲೆಯೂ ಹಾಳಾಗುವುದಿಲ್ಲ. ಇದನ್ನು ನಾನು ಅಲ್ಲಿ ಕಲಿತೆ. ಮುಂದೆ ಎಷ್ಟೋ ತರಬೇತಿ ಶಿಬಿರಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ತೆಗೆದುಕೊಂಡೆ. ಯಾರಿಂದ ಕಲಿತೆನೆಂದು ಒಂದು ಸಲವೂ ಹೇಳಲಿಲ್ಲ. ಇದು ನನ್ನ ಚಿಕ್ಕ ತಪ್ಪುಗಳಲ್ಲೊಂದು.

ದೇವೀರಮ್ಮನವರ ಬೆಳಗಿನ ಕೆಲಸವನ್ನು ನೋಡಬೇಕಿತ್ತು ನೀವು. ಕೊಟ್ಟಿಗೆಯ ನೆಲಕ್ಕೆ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಬೆರಳು ಬೆರಳು ಸಂದಿ ಬಿಟ್ಟು ಹೊಡೆದಿದ್ದರು. ಹಿಕ್ಕೆಯೆಲ್ಲ ಕೆಳಗೆ ಬೀಳುತ್ತಿತ್ತು. ಅವರು ಎದ್ದವರೇ ಮೊದಲು ಆಡನ್ನು ನೋಡುತ್ತಿರಲಿಲ್ಲ, ಕೆಳಗೆ ಕೂತು ಹಿಕ್ಕೆ ನೋಡುತ್ತಿದ್ದರು. ಕಡ್ಡಿಯಲ್ಲಿ ಕೆದಕಿ, "ಮೂಲೇಲಿ ಮಲಗೋದು ನಿನ್ನೆ ಸರಿ ಮೇದಿಲ್ಲ" ಎನ್ನುವರು. ಯಾವ ಮೂಲೆಯಲ್ಲಿ ಯಾವುದು ಮಲಗುತ್ತದೆಂದು ಅವರಿಗೆ ಗೊತ್ತಿತ್ತು. ಆಮೇಲೆ ಒಂದೊಂದರ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುವರು. ಕೆಂಪಿದ್ದರೆ ಸರಿ, ಬಿಳಿಚಿದ್ದರೆ ಹೊಟ್ಟೆಯಲ್ಲಿ ಹುಳ. ನಮಗೆ ಇದನ್ನು ಬಣ್ಣದ ಚಾರ್ಟು ಕೊಟ್ಟು ಕಲಿಸಿದ್ದು ಎಷ್ಟೋ ವರ್ಷಗಳ ನಂತರ.

ಇಬ್ಬನಿ ಆರುವವರೆಗೆ ಆಡು ಹೊರಗೆ ಬಿಡುತ್ತಿರಲಿಲ್ಲ. ಒದ್ದೆ ಹುಲ್ಲಿನ ತುದಿಗೆ ಹುಳದ ಮರಿ ಹತ್ತಿ ಕೂತಿರುತ್ತವೆಂದು ನಮಗೆ ಪಾಠವಾಗಿತ್ತು. ಅವರಿಗೆ ಯಾರು ಪಾಠ ಮಾಡಿದ್ದರೋ ತಿಳಿಯದು. ಕೇಳಿದರೆ, "ಒದ್ದೇಲಿ ಮೇದದ್ದು ಕೆಮ್ಮತ್ತೆ, ಒಣಗಿದ ಮೇಲೆ ಮೇದದ್ದು ಕೆಮ್ಮಲ್ಲ, ಅಷ್ಟೇ" ಎನ್ನುತ್ತಿದ್ದರು. ಮಳೆಗಾಲದಲ್ಲಿ ದಬ್ಬೆಯ ಕೆಳಗೆ ಲಕ್ಕಿ ಸೊಪ್ಪಿನ ಹೊಗೆ ಹಾಕುವರು. ಮೂಗಿನೊಳಗೆ ಇಂಬಳ, ಅಂದರೆ ಕಾಡಿನ ಜಿಗಣೆ, ಹೊಕ್ಕರೆ ಹೊಗೆಸೊಪ್ಪಿನ ನೀರಿನ ಒಂದು ಹನಿ ಬಿಟ್ಟು, ಸೀನಿದ ತಕ್ಷಣ ಎರಡು ಬೆರಳಲ್ಲಿ ಹಿಡಿದೆಳೆಯುವರು. ನಾನು ಇಕ್ಕಳ ಹಿಡಿದು ಒದ್ದಾಡುವ ಕೆಲಸ ಅದು.

ಎಲ್ಲಕ್ಕಿಂತ ಅವರಿಗೆ ಸೊಪ್ಪು ಗೊತ್ತಿತ್ತು. ಹೆಗಲಿಗೆ ಕೊಕ್ಕೆ ಕಟ್ಟಿದ ಉದ್ದನೆಯ ದೋಟಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹೊರಟರೆ ಹಲಸು, ಹಾಲವಾಣ, ಅತ್ತಿ, ಬಸರಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಯ್ದು ಒಂದು ಕಟ್ಟು ಮಾಡುತ್ತಿದ್ದರು. ಮರಿ ಹಾಕಿದ ಆಡಿಗೆ ಬೇರೆ, ಹೊಟ್ಟೆ ಉಬ್ಬಿದ್ದಕ್ಕೆ ಬೇರೆ. ಸುತ್ತಲಿನ ಮನೆಗಳವರು ಎಲೆ ಹಿಡಿದುಕೊಂಡು ಬಂದು, "ದೇವೀರಮ್ಮ, ಇದು ಹಾಕಬಹುದಾ?" ಎಂದು ಕೇಳುತ್ತಿದ್ದರು. ಅವರು ಎಲೆಯನ್ನು ಮಡಚಿ, ಮೂಸಿ, ಹೂಂ ಅಥವಾ ಊಹೂಂ ಎನ್ನುವರು. ಅದರ ಮೇಲೆ ಅಪೀಲಿಲ್ಲ. ಆಡು ಕೊಳ್ಳಲು ಮೂಡಿಗೆರೆಯಿಂದ ಬರುತ್ತಿದ್ದ, ಜೀಪು ಓಡಿಸುವ ಅಬ್ಬಾಸ್ ಕೂಡ ಬೇರೆ ಕಡೆ ಕೊಂಡ ಮರಿಗಳನ್ನು ಇಳಿಸಿ ಅವರಿಗೆ ತೋರಿಸಿಕೊಂಡು ಹೋಗುತ್ತಿದ್ದ. "ನಿಮ್ಮ ಸರ್ಟಿಫಿಕೇಟ್ ಅಲ್ಲ ಡಾಕ್ಟ್ರೇ, ಅಮ್ಮನ ಸರ್ಟಿಫಿಕೇಟ್ ಬೇಕು ನನಗೆ" ಎಂದು ನನ್ನನ್ನು ಕೆಣಕುತ್ತಿದ್ದ.

ಅವರ ಹಸುವೊಂದರ ಕಥೆ ಹೇಳದೆ ಮುಂದೆ ಹೋಗಲಾರೆ. ನಾನು ಕೈಹಾಕಿ ಪರೀಕ್ಷೆ ಮಾಡಿ, "ಗಬ್ಬ ನಿಂತಿಲ್ಲ" ಎಂದು ಖಡಾಖಂಡಿತ ಹೇಳಿ ಬಂದೆ. ದೇವೀರಮ್ಮ, "ನಿಂತಿದೆ ಅನ್ಸತ್ತೆ ಡಾಕ್ಟ್ರೇ" ಎಂದರು. "ಅನ್ಸೋದಲ್ಲ ಅಮ್ಮಾ, ಕೈಗೆ ಸಿಗ್ಬೇಕು" ಎಂದೆ. ಆರೇಳು ತಿಂಗಳಿಗೆ ಅದು ಗಂಡು ಕರು ಹಾಕಿತು. ಆ ಕರುವಿಗೆ ಅವರಿಟ್ಟ ಹೆಸರು "ಡಾಕ್ಟ್ರು". ನಾನು ಏರು ಹತ್ತಿ ಹೋಗುವಾಗ, "ಡಾಕ್ಟ್ರು ಬೇಲಿ ಹಾರಿದ್ರು, ಕಟ್ಟಿ ಹಾಕು ರತ್ನಾ!" ಎಂಬ ಕೂಗು ಕೇಳಿ ನಿಂತುಬಿಟ್ಟಿದ್ದೇನೆ. "ನೀವು ಅದರ ಹಿಂದೆ ನೋಡಿದ್ರಿ, ನಾನು ಮುಖ ನೋಡಿದೆ" ಎಂದರು ಆಮೇಲೆ, ನನಗೆ ಬೆಲ್ಲದ ಕಾಫಿ ಕೊಡುತ್ತಾ.

ನಮ್ಮ ಡಾಕ್ಟರ್ ಸಾಹೇಬರು ಬಯಲುಸೀಮೆಯವರು, ಮಾತು ಕಡಿಮೆ, ಸಿಟ್ಟು ಬೇಗ. ಈ ಕರುವಿನ ಕಥೆಯನ್ನು ನಾನೇ ನಗುತ್ತಾ ಹೇಳಿದಾಗ ಅವರು ನಗಲಿಲ್ಲ. "ತಪ್ಪಾಗುತ್ತೆ ಕಣ್ರೀ. ನನಗೂ ಆಗಿದೆ. ಅದೇ ದಿನ ಡೈರೀಲಿ ಬರೆದಿಡಿ. ಮಾರನೇ ದಿನ ಬರೆಯೋಕೆ ಕೂತ್ರೆ ನಮ್ಮ ಕೈ ನಮ್ಮ ಪರವಾಗೇ ಬರೆಯುತ್ತೆ" ಎಂದರು. ಎಲ್ಲಿಯಾದರೂ ಪ್ರಾಣಿ ಸತ್ತರೆ ಹೊಟ್ಟೆ ಕೊಯ್ದು ನೋಡದೆ ಕಾರಣ ಬರೆಯಲು ಬಿಡುತ್ತಿರಲಿಲ್ಲ. ನಾನು ಅವರಿಗೆ ಹೆದರುತ್ತಿದ್ದೆ. ಈಗ ಅವರ ಮೇಲೆ ಗೌರವವಿದೆ. ಆದರೆ ನಾನು ಹೇಳಬೇಕಾದ ಆ ವಾರ ಅವರು ರಜೆಯಲ್ಲಿದ್ದರು.

ಮುಂಗಾರಿಗೆ ಮುಂಚಿನ ದಿನಗಳು. ಮಳೆ ಹಿಡಿಯುವುದರೊಳಗೆ ಕಾಫಿಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕೆಂದು ಎಲ್ಲ ತೋಟದಲ್ಲೂ ಗಡಿಬಿಡಿ. ಮಳೆಗೆ ಮೊದಲು ಆಡುಗಳಿಗೆ ಜಂತುಹುಳದ ಔಷಧಿ ಹಾಕುವುದೂ ಅದೇ ಹೊತ್ತಿನ ಕೆಲಸ. ದೇವೀರಮ್ಮ ಹೇಳಿ ಕಳಿಸಿದ್ದರು. ನಾನು ಅಬ್ಬಾಸನ ಜೀಪಿನಲ್ಲಿ ಹೋಗಿ ಇಳಿದು ಚೀಲ ಬಿಚ್ಚಿದರೆ ಔಷಧಿಯ ಬಾಟಲಿ ಇಲ್ಲ. ಗೋಣಿಬೀಡಿನ ಮನೆಯ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೆ.

"ಮರೆತು ಬಂದೆ, ನಾಳೆ ಬರ್ತೀನಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ದೇವೀರಮ್ಮ ಆಡುಗಳನ್ನೆಲ್ಲ ಮೇಯಲು ಬಿಡದೆ ಕಟ್ಟಿ ಕಾಯುತ್ತಿದ್ದರು. ಬೆಳಗ್ಗೆ ಎಲ್ಲಕ್ಕೂ ಒಂದಿಷ್ಟು ಸೊಪ್ಪು ಹಾಕಿದ್ದು ಬಿಟ್ಟರೆ ಬೇರೇನೂ ಕೊಟ್ಟಿರಲಿಲ್ಲ. ಡಾಕ್ಟ್ರು ಬರಿಗೈಲಿ ಬಂದರು ಎನ್ನಿಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಕೊಟ್ಟಿಗೆಯ ಪಕ್ಕದಲ್ಲೇ ಮಂಜೇಗೌಡರು ಬೋರ್ಡೋ ಕಲಸುತ್ತಿದ್ದರು. ದೊಡ್ಡ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿದ ನೀರು ನೀಲಿಯಾಗಿ ಹೊಳೆಯುತ್ತಿತ್ತು. ಅದನ್ನು ನೋಡಿದ ಕೂಡಲೇ ನನಗೆ ಹಳೆಯ ಪಾಠ ನೆನಪಾಯಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹಿರಿಯ ಸ್ಟಾಕ್‌ಮ್ಯಾನ್‌ಗಳು ಮೈಲುತುತ್ತದ ನೀರನ್ನೇ ಹುಳದ ಔಷಧಿಯಾಗಿ ಕುಡಿಸುತ್ತಿದ್ದರು. ನೂರಕ್ಕೆ ಒಂದು ಪಾಲು, ಅದಕ್ಕಿಂತ ಹೆಚ್ಚು ಕೂಡದು. ಆ ಪದ್ಧತಿಯನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಎಷ್ಟು ಪರ್ಸೆಂಟ್ ಇದು ಗೌಡ್ರೇ?" ಎಂದು ಕೇಳಿದೆ.

"ಒಂದು ಪರ್ಸೆಂಟೇ ಡಾಕ್ಟ್ರೇ. ಬೋರ್ಡೋ ಯಾವಾಗ್ಲೂ ಅಷ್ಟೇ ಅಲ್ವಾ?"

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಹುಟ್ಟಿದ ಮಗುವಿಗೂ ಗೊತ್ತು, ಬೋರ್ಡೋ ಎಂದರೆ ಒಂದು ಪರ್ಸೆಂಟ್. "ಹಾಗಾದ್ರೆ ಅಂಗಡಿ ಔಷಧಿ ಯಾಕೆ? ನಮ್ಮ ಹಳೇ ಔಷಧಿ ಇಲ್ಲೇ ಇದೆ" ಎಂದು ದೊಡ್ಡ ತಿಳಿದವನ ಹಾಗೆ ಒಂದು ಚೊಂಬಿನಲ್ಲಿ ಆ ನೀರು ತುಂಬಿಸಿಕೊಂಡೆ. ದೇವೀರಮ್ಮ ಒಂದೊಂದೇ ಆಡನ್ನು ಕಾಲುಗಳ ನಡುವೆ ಹಿಡಿದು ಬಾಯಿ ತೆರೆಸಿದರು. ನಾನು ಬಿದಿರಿನ ಗೊಟ್ಟದಲ್ಲಿ ಅಳೆದು ಅಳೆದು ಕುಡಿಸಿದೆ. ದೊಡ್ಡದಕ್ಕೆ ಇಷ್ಟು, ಮರಿಗೆ ಇಷ್ಟು. ಒಂದು ಮರಿಗೆ ಮಾತ್ರ ಕುಡಿಸಲಿಲ್ಲ. ಅದಕ್ಕೆ ನಾಯಿ ಕಚ್ಚಿ ಕಾಲಿಗೆ ಗಾಯವಾಗಿತ್ತು, ಅಡಿಗೆಮನೆಯಲ್ಲಿ ಬುಟ್ಟಿಯ ಕೆಳಗೆ ಇಟ್ಟಿದ್ದರು. ಅದು ವಾಸಿಯಾದ ಮೇಲೆ ನೋಡೋಣ ಎಂದೆ.

ಮುಗಿಸಿ ಕೈತೊಳೆಯುತ್ತಿದ್ದಾಗ ತಿರುಗಿ ನೋಡಿದೆ. ಮಂಜೇಗೌಡರು ಇನ್ನೊಂದು ಪಾತ್ರೆಯಿಂದ ಸುಣ್ಣದ ನೀರನ್ನು ಆ ಡ್ರಮ್ಮಿಗೆ ಸುರಿಯುತ್ತಿದ್ದರು. ಅರ್ಧವಿದ್ದ ಡ್ರಮ್ಮು ಕಂಠದವರೆಗೆ ತುಂಬಿತು.

ನಿಮಗೆ ಇದು ಅರ್ಥವಾಗಬೇಕು. ಬೋರ್ಡೋಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆದರೆ ಮೈಲುತುತ್ತವನ್ನು ಮೊದಲು ಅರ್ಧ ನೀರಿನಲ್ಲಿ ಕರಗಿಸುತ್ತಾರೆ, ಸುಣ್ಣವನ್ನು ಉಳಿದರ್ಧದಲ್ಲಿ. ಎರಡೂ ಸೇರಿದ ಮೇಲೆಯೇ ಅದು ಒಂದು ಪರ್ಸೆಂಟ್. ಸುಣ್ಣ ಬೆರೆಸುವ ಮುಂಚಿನ ನೀರಿನಲ್ಲಿ ಮೈಲುತುತ್ತ ಎರಡರಷ್ಟಿರುತ್ತದೆ. ನಾನು ಆ ಆಡುಗಳಿಗೆ ಎರಡರಷ್ಟು ವಿಷ ಕುಡಿಸಿದ್ದೆ.

ಆಗಲೇ ಹೇಳಿದ್ದರೆ ಹಾಲು, ಮೊಟ್ಟೆಯ ಬಿಳಿ ಲೋಳೆ ಕುಡಿಸಬಹುದಿತ್ತು. ಆ ಮನೆಯಲ್ಲಿ ಹಾಲೂ ಇತ್ತು, ಮೊಟ್ಟೆಯೂ ಇತ್ತು. ರತ್ನಮ್ಮ ಕಾಫಿ ತಂದರು. ನಾನು ಕುಡಿದೆ. ಆಡು ಗಟ್ಟಿ ಪ್ರಾಣಿ, ತಡೆದುಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಜೀಪು ಹತ್ತಿದೆ. "ಎಂತ ಡಾಕ್ಟ್ರೇ, ಮಾತೇ ಇಲ್ಲ ಇವತ್ತು?" ಎಂದ ಅಬ್ಬಾಸ್. ತಲೆನೋವು ಎಂದೆ.

ಮಾರನೆಯ ದಿನ ಮಧ್ಯಾಹ್ನ ಕರೆ ಬಂತು. ಹೋಗುವಷ್ಟರಲ್ಲಿ ಎರಡು ಮರಿ ಸತ್ತಿದ್ದವು. ಕೊಟ್ಟಿಗೆಯ ದಬ್ಬೆಯ ತುಂಬಾ ನೀಲಿ ಹಸಿರು ಭೇದಿ. ನನ್ನ ಕಣ್ಣೆದುರಿಗೆ ಇನ್ನೆರಡು ಸತ್ತವು. ಕಂಪನಿ ಮುದಿ ಆಡು, ಮಲಗಿದಲ್ಲೇ ದೇವೀರಮ್ಮನ ಸೀರೆಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡಿತ್ತು. ಸಂಜೆಯೊಳಗೆ ಅದೂ ಹೋಯಿತು. ಉಳಿದ ದೊಡ್ಡವು ಮಾತ್ರ ತಡೆದುಕೊಂಡವು.

"ಎಂತಾಯ್ತು ಡಾಕ್ಟ್ರೇ ಇದು?" ಎಂದರು ರತ್ನಮ್ಮ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ನಾನು ಆ ನೀಲಿ ಭೇದಿಯನ್ನು ತೋರಿಸಿ ಹೇಳಿದೆ, "ಮೈಲುತುತ್ತ ಇದು. ನಿನ್ನೆ ನಾನು ಅಳೆದು ಕುಡಿಸಿದ್ದು ಒಂದೇ ಪರ್ಸೆಂಟಿನದು, ಅದರಿಂದ ಹೀಗಾಗೋದಿಲ್ಲ. ಬೋರ್ಡೋ ಬಿದ್ದ ಸೊಪ್ಪು ತಿಂದಿವೆ. ಸೊಪ್ಪು ಎಲ್ಲಿಂದ ತಂದದ್ದು?"

ಈ ಮಾತನ್ನು ನಾನು ಮೊದಲೇ ಯೋಚಿಸಿಕೊಂಡು ಹೋಗಿದ್ದೆನೇ? ದಾರಿಯಲ್ಲಿ ಯೋಚಿಸಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಯೋಚಿಸಿದ್ದೆ.

"ಬೇಲಿ ಸಾಲಿಂದ ಡಾಕ್ಟ್ರೇ" ಎಂದರು ದೇವೀರಮ್ಮ. "ತೋಟದೊಳಗಿಂದ ಒಂದೆಲೆ ತಂದಿಲ್ಲ. ಬೋರ್ಡೋ ಹೊಡೆಯೋ ಟೈಮು ಅಂತ ನನಗೆ ಗೊತ್ತಿಲ್ವಾ? ಒಂದೊಂದೇ ನೋಡಿ ಕೊಯ್ದದ್ದು. ಮತ್ತೆ ಅಡಿಗೆಮನೆ ಮರಿನೂ ಅದೇ ಸೊಪ್ಪು ತಿಂದಿದೆ. ಅದಕ್ಕೆಂತೂ ಆಗಿಲ್ಲ ನೋಡಿ."

ಸತ್ಯ ಅಲ್ಲಿಯೇ, ಬುಟ್ಟಿಯ ಕೆಳಗೆ ಕೂತು ಮೆಲುಕು ಹಾಕುತ್ತಿತ್ತು. ದೇವೀರಮ್ಮ ಅದನ್ನು ನನ್ನ ಕೈಗೇ ಕೊಟ್ಟಿದ್ದರು.

"ಅದು ಕಡಿಮೆ ತಿಂದಿರುತ್ತೆ" ಎಂದೆ. ಆಮೇಲೆ, ದೇವೀರಮ್ಮನ ಮುಖ ನೋಡದೆ ರತ್ನಮ್ಮನಿಗೆ ಹೇಳಿದೆ, "ವಯಸ್ಸಾಯ್ತು ಅಲ್ವಾ ಅಮ್ಮನಿಗೆ. ಎಲೆ ಮೇಲಿನ ಚುಕ್ಕಿ ಕಣ್ಣಿಗೆ ಕಂಡಿರೋದಿಲ್ಲ."

ಅಂದು ಡೈರಿಯಲ್ಲಿ "ಬೋರ್ಡೋ ಸಿಂಪಡಿಸಿದ ಸೊಪ್ಪಿನ ಸೇವನೆಯಿಂದ ಸಾವು" ಎಂದು ಬರೆದೆ. ಅದೇ ದಿನ ಬರೆದೆ. ಸಾಹೇಬರು ಬರುವುದರೊಳಗೆ ಸತ್ತವನ್ನು ಕಾಫಿ ಗಿಡಗಳ ನಡುವೆ ಹೂಳಿಸಿದೆ. ರಜೆ ಮುಗಿಸಿ ಬಂದ ಅವರು ಡೈರಿ ಓದಿ, "ಕೊಯ್ದು ನೋಡಿದ್ರಾ?" ಎಂದು ಕೇಳಿದರು. "ಮಳೆ ಸಾರ್, ಇಡೋಕಾಗಲಿಲ್ಲ" ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ ಸಹಿ ಹಾಕಿದರು.

ಮುಂದಿನ ಸಲ ಹೋದಾಗ ದೋಟಿಯೂ ಕತ್ತಿಯೂ ಜಗಲಿಯ ಗೂಟದಲ್ಲಿ ನೇತಾಡುತ್ತಿದ್ದವು. ದೇವೀರಮ್ಮ ಅದರ ಕೆಳಗೆ ಕೂತು ಹುಣಸೆ ಬೀಜ ಬಿಡಿಸುತ್ತಿದ್ದರು. "ಇನ್ನು ಸೊಪ್ಪಿಗೆ ಹೋಗೋದು ಬೇಡ ಅತ್ತೆ, ನಾನೇ ತರ್ತೀನಿ ಅಂತ ಹೇಳಿದೆ ಡಾಕ್ಟ್ರೇ. ಕಣ್ಣು ಕಾಣದೆ ಇನ್ನೊಂದ್ಸಲ ಹೀಗಾದ್ರೆ?" ಎಂದರು ರತ್ನಮ್ಮ. ನಾನು ಒಳ್ಳೆಯದಾಯ್ತು ಎಂದೆ. ಅಷ್ಟು ಹೊತ್ತೂ ದೇವೀರಮ್ಮ ತಲೆ ಎತ್ತಲಿಲ್ಲ. ಹೊರಡುವಾಗ ನಾನು ನೋಡಿದೆ, ಅವರು ಅಂಗಳದಲ್ಲಿ ಬಿದ್ದ ಒಂದು ಹಲಸಿನ ಎಲೆ ಎತ್ತಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡುತ್ತಿದ್ದರು. ತಮ್ಮ ಕಣ್ಣನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ಸುತ್ತಲಿನವರು ಎಲೆ ತೋರಿಸಲು ಬರುವುದು ನಿಂತಿತು. ಅಬ್ಬಾಸನೂ ಮರಿಗಳನ್ನು ಇಳಿಸುವುದು ಬಿಟ್ಟ. ನಾನು ಆ ಏರು ಹತ್ತುವುದನ್ನು ಆದಷ್ಟು ತಪ್ಪಿಸಿಕೊಂಡೆ. ಆ ಕಡೆಯ ಕೆಲಸ ಬಂದರೆ ಇನ್ನೊಬ್ಬರನ್ನು ಕಳಿಸಿದೆ. ನಿವೃತ್ತಿಯ ದಿನ ಹಾರ ಹಾಕಿ, "ಒಂದೇ ಒಂದು ದೂರು ಬರದ ನೌಕರ" ಎಂದು ಹೊಗಳಿದರು. ದೂರು ಕೊಡಬೇಕಾದವರು ಜಗಲಿಯಲ್ಲಿ ಹುಣಸೆ ಬೀಜ ಬಿಡಿಸುತ್ತಿದ್ದರು.

ಹೀಗೆಯೇ ಮುಗಿದುಹೋಗುತ್ತಿತ್ತೋ ಏನೋ. ಹೋದ ವರ್ಷ ನನ್ನ ಜಾಗಕ್ಕೆ ಹೊಸದಾಗಿ ಬಂದ ಕಾವ್ಯಾ ಎಂಬ ಹುಡುಗಿ ಮನೆಗೆ ಬಂದಿದ್ದಳು. "ಇಲ್ಲಿ ಆಡಿಗೆ ಯಾವ ಸೊಪ್ಪು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಹೇಳಿಕೊಡೋರು ಯಾರು ಸಾರ್?" ಎಂದು ಕೇಳಿದಳು. ಬಾಯಿ ತಪ್ಪಿ ನಿಜ ಹೇಳಿದೆ, "ಬಾಳೂರಿನ ಮೇಲೆ ದೇವೀರಮ್ಮ." ಅವಳು ಹೋಗಿಯೂ ಬಂದಳು. ಮುಖ ಸಪ್ಪಗಿತ್ತು.

"ಅಜ್ಜಿ ಏನೂ ಹೇಳ್ಲಿಲ್ಲ ಸಾರ್. 'ನನ್ನ ಕೇಳಬೇಡ ಮಗಾ, ನಾನು ಎಲೆ ಗುರುತು ತಪ್ಪಿ ಐದು ಆಡು ಕೊಂದವಳು' ಅಂದ್ರು."

ಹನ್ನೊಂದು ವರ್ಷ ಆ ಮುದುಕಿ ನನ್ನ ಸುಳ್ಳನ್ನು ತಮ್ಮ ಹೆಸರಿನಲ್ಲಿ ಹೇಳಿಕೊಂಡು ಬಂದಿದ್ದರು. ಮಾರನೆಯ ದಿನವೇ ಅಬ್ಬಾಸನಿಗೆ ಫೋನು ಮಾಡಿ ಜೀಪು ತರಿಸಿದೆ.

ಜಗಲಿಯಲ್ಲಿ ಮೂವರೂ ಇದ್ದರು. ಕುಳಿತುಕೊಳ್ಳದೆ, ನಿಂತೇ ಹೇಳಿದೆ. ಬಾಟಲಿ ಮರೆತದ್ದು, ಡ್ರಮ್ಮು, ಸುಣ್ಣ, ಕುಡಿದ ಕಾಫಿ, ಎಲ್ಲ. ಮಂಜೇಗೌಡರು ಎದ್ದು ನಿಂತು, "ಒಂದು ಪರ್ಸೆಂಟ್ ಅಂತ ಹೇಳಿದ್ದು ನಾನೇ ಅಲ್ವಾ..." ಎಂದರು. "ನೀವು ಬೋರ್ಡೋದ ಮಾತು ಹೇಳಿದ್ರಿ ಗೌಡ್ರೇ. ಕೇಳಿಸಿಕೊಂಡವನ ತಪ್ಪು" ಎಂದೆ.

ರತ್ನಮ್ಮನಿಗೆ ಸಿಟ್ಟು ತಡೆಯಲಾಗಲಿಲ್ಲ. "ಹನ್ನೊಂದು ವರ್ಷ ಮಾರಾಯ್ರೇ! ಇವರ ಕೈಯಿಂದ ಕತ್ತಿ ಕಸ್ಕೊಂಡವಳು ನಾನು. ದಿನಾ ಇವರ ಮುಖ ನೋಡ್ಕೊಂಡು ಬದುಕಿದವಳು ನಾನು. ನಿಮಗೆಂತ, ಜೀಪು ಹತ್ತಿ ಹೋದ್ರಿ!" ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆಯ ಪಕ್ಕದಲ್ಲಿ ಕುಸಿದು ಕೂತರು.

ದೇವೀರಮ್ಮನವರ ಕಣ್ಣಲ್ಲಿ ಬಿಳಿ ಪೊರೆ ಬೆಳೆದಿತ್ತು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ ಕೇಳಿದರು:

"ಹಾಗಾದ್ರೆ ಆವತ್ತು ನನ್ನ ಕಣ್ಣು ಸರಿಯಾಗೇ ಇತ್ತು?"

"ಸರಿಯಾಗೇ ಇತ್ತು ಅಮ್ಮಾ."

"ಈಗ ನಿಜವಾಗಿ ಕಾಣಲ್ಲ ಡಾಕ್ಟ್ರೇ. ಕಾಣುವಾಗ ಹೇಳ್ಬೇಕಿತ್ತು ನೀವು."

ಅವರು ಕೈ ಮೇಲೆತ್ತಿ ಗೋಡೆ ತಡವಿದರು. "ರತ್ನಾ, ಕತ್ತಿ ಕೊಡು." ರತ್ನಮ್ಮ ಗೂಟದಿಂದ ಕತ್ತಿ ತೆಗೆದು ಅವರ ಕೈಗಿತ್ತರು. ದೇವೀರಮ್ಮ ಹೆಬ್ಬೆರಳಿನಿಂದ ಅಲಗು ಸವರಿ, "ತುಕ್ಕು ಹಿಡ್ಸಿದ್ದೀರಿ" ಎಂದು ಅದನ್ನು ನನ್ನ ಕಡೆ ಚಾಚಿದರು. "ಮಸೆದು, ಹೋಗಿ ಬೇಲಿ ಸಾಲಿಂದ ಒಂದು ಕಟ್ಟು ಸೊಪ್ಪು ತನ್ನಿ. ಇನ್ನು ನೀವು ಕೊಯ್ದು ತನ್ನಿ, ನಾನು ನೋಡ್ತೀನಿ."

ಅಂದಿನಿಂದ ಪ್ರತಿ ಗುರುವಾರ ಹೋಗುತ್ತೇನೆ. ಕಾವ್ಯಾಳೂ ಬಿಡುವಾದಾಗ ಪುಸ್ತಕ ಹಿಡಿದುಕೊಂಡು ಬರುತ್ತಾಳೆ. ಅವಳಿಗೂ, ಎಲೆ ತೋರಿಸಲು ಬಂದ ಅಕ್ಕಪಕ್ಕದ ಮನೆಯವರಿಗೂ ನಡೆದದ್ದನ್ನು ನನ್ನ ಬಾಯಿಂದಲೇ ಹೇಳಿದೆ. ಈಗ ಅಲ್ಲಿ ಏಳು ಆಡುಗಳಿವೆ. ಬುಟ್ಟಿಯ ಕೆಳಗಿದ್ದ ಆ ಮರಿಯ ಸಂತಾನವೂ ಇದೆ, ಬಿಳಿ ಕಿವಿಯದೊಂದು. ದೇವೀರಮ್ಮ ಈಗ ರೆಪ್ಪೆಯ ಬಣ್ಣ ನೋಡಲಾರರು. ಆದರೆ ಆಡು ಮೆಲುಕು ಹಾಕುವ ಸದ್ದು ಕೇಳಿ ಯಾವುದಕ್ಕೆ ಮೈ ಸರಿಯಿಲ್ಲವೆಂದು ಹೇಳುತ್ತಾರೆ. ಹೋದ ತಿಂಗಳು ಕಾವ್ಯಾ ಥರ್ಮಾಮೀಟರ್ ಹಿಡಿದು ನೋಡಿದಾಗ ಅವರು ತೋರಿಸಿದ್ದಕ್ಕೇ ಜ್ವರವಿತ್ತು.

ಮೊನ್ನೆ ಗುರುವಾರ ನಾನು ಕಟ್ಟು ತಂದು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು, ಒಂದೊಂದೇ ಕೊಂಬೆ ನೋಡಿ ಕೊಯ್ದ ಹಲಸು, ಹಾಲವಾಣ. ಅವರು ಎಂದಿನಂತೆ ಬೆರಳುಗಳನ್ನು ಎಲೆಯ ಮೇಲೆ, ಎಲೆಯ ಕೆಳಗೆ ಓಡಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಮತ್ತೆ ಸವರಿದರು, ಬೆರಳ ತುದಿಯನ್ನು ಮೂಸಿದರು. ಆ ಕೊಂಬೆಯನ್ನು ಎಳೆದು ಅಂಗಳಕ್ಕೆಸೆದರು.

"ಇದು ಬೇಡ. ಸುಣ್ಣ ತಾಗ್ತದೆ ಕೈಗೆ."

ಎತ್ತಿ ಬೆಳಕಿಗೆ ಹಿಡಿದೆ. ಎಲೆಯ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ತಿಳಿನೀಲಿ ಚುಕ್ಕಿಗಳು. ಬೇಲಿಯಾಚೆ ಪಕ್ಕದವರು ಹಿಂದಿನ ದಿನ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆದಿದ್ದರಂತೆ. ಗಾಳಿಗೆ ಈಚೆಗೆ ಹಾರಿತ್ತು. ಆ ಕೊಂಬೆಯನ್ನು ಆಡುಗಳಿಗೆ ಸಿಗದ ಹಾಗೆ ಗುಂಡಿಗೆ ಹಾಕಿ, ಕೈತೊಳೆದು ಬಂದು, ಉಳಿದ ಸೊಪ್ಪನ್ನು ಸೂರಿನ ಹಗ್ಗಕ್ಕೆ ಕಟ್ಟಲು ಎತ್ತಿದೆ.

"ತಲೆಕೆಳಗಾಗಿ ಕಟ್ಟಿ ಡಾಕ್ಟ್ರೇ" ಎಂದರು ದೇವೀರಮ್ಮ.

"ನಾನು ಡಾಕ್ಟ್ರಲ್ಲ ಅಮ್ಮಾ."

"ಗೊತ್ತು. ಕಟ್ಟಿ."